ನಿಮಗಿದು ಗೊತ್ತೇ? ಗದ್ದಲದೊಳಗಿನ ಮಾತು

1931ರ ‘ಆಲಂ ಆರಾ’ ಭಾರತದ ಮೊದಲ ವಾಕ್ಚಿತ್ರ. ಸ್ಟುಡಿಯೋ ಪಕ್ಕದಲ್ಲೇ ರೈಲು ಹಳಿ ಇದ್ದುದರಿಂದ ಅದರ ಬಹುಪಾಲು ಚಿತ್ರೀಕರಣ ನಡೆದದ್ದು ರೈಲು ಸದ್ದಡಗಿದ ನಡುರಾತ್ರಿ. ಹುಮನಾಬಾದಿನಲ್ಲಿ ಮೊಬೈಲ್ ಹಿಡಿದು ಕಿರುಚಿತ್ರ ಮಾಡುವವರಿಗೆ ಆ ಅನುಕೂಲವೂ ಇಲ್ಲ. ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಲಾರಿಗಳು ರಾತ್ರಿಯೂ ಓಡುತ್ತವೆ.

ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ದನಿ 6 ಡೆಸಿಬೆಲ್ ಕುಗ್ಗುತ್ತದೆ. ಕ್ಯಾಮೆರಾ ದೂರದಲ್ಲಿದ್ದರೆ ಇನ್ನೊಂದು ಮೊಬೈಲಿನಲ್ಲಿ ರೆಕಾರ್ಡಿಂಗ್ ಹಚ್ಚಿ ಪಾತ್ರಧಾರಿಯ ಅಂಗಿ ಜೇಬಿನಲ್ಲಿಡಿ. ಯಾವ ಸಾಫ್ಟ್‌ವೇರೂ ಇಷ್ಟು ಉಪಕಾರ ಮಾಡದು.

ನಮ್ಮ ಕರೆಂಟಿನ ಗುಂಯ್‌ಗುಡುವಿಕೆ 50 ಹರ್ಟ್ಸ್‌ನಲ್ಲೂ ಅದರ ಮಡಿಗಳಾದ 100, 150ರಲ್ಲೂ ಕೂರುತ್ತದೆ. ಅಷ್ಟನ್ನೇ ಸಣ್ಣಗೆ ಕತ್ತರಿಸಬಹುದು. ಕೂಲರ್ ಸದ್ದು ಹಾಗಲ್ಲ, ಮಾತಿನ ಮೇಲೆಲ್ಲ ಹರಡಿಕೊಳ್ಳುತ್ತದೆ. ಬೀದರ್ ಸೀಮೆಯ ಬೇಸಿಗೆಯಲ್ಲಿ ಕಷ್ಟವೇ, ಆದರೂ ಶಾಟ್ ಮುಗಿಯುವವರೆಗೆ ಅದನ್ನು ಆರಿಸಿ.

ಯಾರೂ ಮಾತಾಡದೆ ಅರ್ಧ ನಿಮಿಷ ಆ ಜಾಗದ ಸದ್ದನ್ನೇ ರೆಕಾರ್ಡ್ ಮಾಡಿಕೊಳ್ಳಿ. 2000ದಿಂದ ಪುಕ್ಕಟೆ ಸಿಗುತ್ತಿರುವ ‘ಆಡಾಸಿಟಿ’ ಎಂಬ ಧ್ವನಿ ತಿದ್ದುವ ಸಾಫ್ಟ್‌ವೇರಿಗೆ ಆ ತುಣುಕು ತೋರಿಸಿದರೆ, ಅದಕ್ಕೆ ಹೋಲುವ ಸದ್ದನ್ನು ಇಡೀ ಸಂಭಾಷಣೆಯಲ್ಲಿ ತಗ್ಗಿಸುತ್ತದೆ. ಫ್ಯಾನಿನಂಥ ಒಂದೇ ಸಮನೆಯ ಸದ್ದಿಗೆ ಇದು ಸಾಕು. ವೀರಭದ್ರೇಶ್ವರ ಜಾತ್ರೆಯ ವಾದ್ಯಗಳ ಏರಿಳಿತಕ್ಕೆ ಸಾಲದು.

ಇಲ್ಲೇ ಎಚ್ಚರ ಬೇಕು. ಖ, ಧ, ಭಗಳ ಉಸಿರು, ಸ, ಶಗಳ ಸುಯ್ಯೆನ್ನುವಿಕೆ ಯಂತ್ರಕ್ಕೆ ಗದ್ದಲದ ಹಾಗೇ ಕಾಣುತ್ತವೆ. ಹಿಡಿತ ಬಿಗಿಮಾಡಿದರೆ ಅವು ಸವೆದು, ಮಾತು ನೀರೊಳಗಿಂದ ಬಂದಂತೆ ಕೇಳುತ್ತದೆ. ಬಸವಕಲ್ಯಾಣದ ಅಜ್ಜಿಯೊಬ್ಬಳ ಮಾತಿನ ಸೊಗಸು ಅಷ್ಟು ಸುಲಭಕ್ಕೆ ಡಬ್ಬಿಂಗಿನಲ್ಲಿ ಮರಳಿ ಸಿಗದು. ಹಿಂದೆ ಚೂರು ಗದ್ದಲ ಉಳಿದರೂ ಸರಿ, ಆ ದನಿ ಉಳಿಯಲಿ. ಇದು ನನ್ನ ಖಚಿತ ಅಭಿಪ್ರಾಯ.

ಬಸವಕಲ್ಯಾಣದ ಕೋಟೆಯಲ್ಲಿ ಶೂಟಿಂಗೇ? ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. 14 ಮೀಟರ್ ದೂರದ ಮೈಕಿಗೆ ಮಾತು ಮುಟ್ಟುವಷ್ಟರಲ್ಲಿ ಸಿನಿಮಾದ ಒಂದು ಫ್ರೇಮ್ ಮುಂದೆ ಹೋಗಿರುತ್ತದೆ. ಕಲ್ಲುಗೋಡೆಯ ಮಾರ್ದನಿಯೂ ಮಾತಿನದೇ ನೆರಳಾದ್ದರಿಂದ ಗದ್ದಲ ತೆಗೆಯುವ ಫಿಲ್ಟರಿಗೆ ಅದು ಬಗ್ಗುವುದಿಲ್ಲ.

ಟೇಪಿನ ಸುಯ್ ಸದ್ದು ಅಡಗಿಸಿದ ರೇ ಡಾಲ್ಬಿ 1963ರಿಂದ 65ರವರೆಗೆ ಚಂಡೀಗಡದಲ್ಲಿ ವಿಶ್ವಸಂಸ್ಥೆಯ ಸಲಹೆಗಾರರಾಗಿದ್ದರು. ಭಾರತೀಯ ಸಂಗೀತ ಧ್ವನಿಮುದ್ರಿಸಿಕೊಳ್ಳುತ್ತಿದ್ದ ಆ ದಿನಗಳಲ್ಲೇ ಅವರಿಗೆ ಈ ಉಪಾಯ ಹೊಳೆದದ್ದು.

ಸುಯ್ ಸದ್ದನ್ನೇನೋ ಅಡಗಿಸಬಹುದು, ಆದರೆ ಮಿತಿ ಮೀರಿ ಒಡೆದ ದನಿಯನ್ನು ಪೂರ್ತಿ ಸರಿಪಡಿಸಲಾಗದು. ಮೀಟರಿನ ಮುಳ್ಳು ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರಲಿ. ಪಾತ್ರ ಕೂಗಾಡುವ ದೃಶ್ಯವಿದ್ದರೆ ಮೊದಲು ಕೂಗಿಸಿ ನೋಡಿ, ಆಮೇಲೆ ರೆಕಾರ್ಡಿಂಗ್ ಮಟ್ಟ ಹೊಂದಿಸಿ.