ಒರಸಿದರೂ ಉಳಿಯುವ ತಾವರೆ

ಶಾಲೆಯ ಗೋಡೆಯಲ್ಲಿ, ಕ್ಯಾಲೆಂಡರಿನಲ್ಲಿ, ಮಕ್ಕಳ ಡ್ರಾಯಿಂಗ್ ಪುಸ್ತಕದಲ್ಲಿ ಕಾಣುವ ತಾವರೆ ಹೆಚ್ಚುಕಡಿಮೆ ಒಂದೇ ಬಗೆಯದು. ಕೆಳಗೆ ನೀಲಿ ಗೆರೆಯ ನೀರು, ಮೇಲೆ ಗುಲಾಬಿ ಬಣ್ಣದ ಅರಳಿದ ಹೂ. ಕೆಸರಿನಲ್ಲಿ ಹುಟ್ಟಿಯೂ ಕೆಸರು ಮೆತ್ತಿಕೊಳ್ಳದ ಹೂ, ಆದ್ದರಿಂದ ಕಷ್ಟಕ್ಕೆ ಜಗ್ಗದ ಬಾಳಿನ ಗುರುತು ಎಂದು ಅದಕ್ಕೆ ಅರ್ಥ ಹೇಳುತ್ತೇವೆ. ಈ ಅರ್ಥ ಅರ್ಧ ಮಾತ್ರ ನಿಜ. ತಾವರೆಯ ಗಟ್ಟಿತನ ಹೂವಿನಲ್ಲಿಲ್ಲ. ಅರಳಿದ ಕೆಲವೇ ದಿನಗಳಲ್ಲಿ ಹೂ ಎಸಳು ಉದುರಿಸುತ್ತದೆ. ಅಳಿದ ಮೇಲೆ ಮರಳಿ ಬರುವುದೇ ಅದರ ಬಲ. ಈ ಬಲವನ್ನು ಚೌಕಟ್ಟು ಹಾಕಿದ ಚಿತ್ರಕ್ಕಿಂತ ಚೆನ್ನಾಗಿ ಹಿಡಿದಿರುವುದು ದಕ್ಷಿಣ ಕನ್ನಡದ ಪಂಜ, ಸುಬ್ರಹ್ಮಣ್ಯದ ಸುತ್ತಿನ ಸೀಮೆಗಳಲ್ಲಿ ನೆಲದ ಮೇಲೆ ಬರೆದು ಒರಸುವ ಅಷ್ಟದಳ ಪದ್ಮ.

ಮೊದಲು ಗಿಡವನ್ನೇ ನೋಡೋಣ. ಬೇಸಗೆಯಲ್ಲಿ ಕೆರೆ ಇಳಿದು ಎಲೆ ಒಣಗಿದರೂ ಕೆಸರಿನೊಳಗೆ ಗೆಡ್ಡೆ ಜೀವ ಹಿಡಿದುಕೊಂಡಿರುತ್ತದೆ. ಗೆಡ್ಡೆಯನ್ನು ಅಡ್ಡ ಕೊಯ್ದರೆ ಕಾಣುವ ತೂತುಗಳು ಗಾಳಿಯ ದಾರಿಗಳು. ಉಸಿರಿಲ್ಲದ ಕೆಸರಿಗೆ ಎಲೆಯಿಂದ ಗಾಳಿ ಇಳಿಯುವುದು ಅವುಗಳ ಮೂಲಕ. ಎಲೆ ಕೊಳೆಯನ್ನು ಹೇಗೆ ಕಳೆದುಕೊಳ್ಳುತ್ತದೆ ಎಂಬುದನ್ನು ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ಥ್ಲಾಟ್ 1997ರಲ್ಲಿ ವಿವರಿಸಿದರು. ಎಲೆಯ ಮೇಲಿನ ಮೇಣದ ಸೂಕ್ಷ್ಮ ಉಬ್ಬುಗಳ ಮೇಲೆ ಹನಿ ನಿಲ್ಲಲಾರದೆ ಉರುಳುತ್ತದೆ, ಉರುಳುವಾಗ ಧೂಳನ್ನೂ ಹೊತ್ತೊಯ್ಯುತ್ತದೆ. ಮಳೆಗಾಲದಲ್ಲಿ ಕೆಸುವಿನ ಎಲೆಯನ್ನು ಕಂಡ ನಮ್ಮವರಿಗೆ ಇದು ಹೊಸದಲ್ಲ. ಎಲ್ಲಕ್ಕಿಂತ ಬೆರಗಿನದು ಬೀಜ. ಚೀನಾದ ಒಣಗಿದ ಕೆರೆಯೊಂದರ ತಳದಲ್ಲಿ ಸಿಕ್ಕ, ಸುಮಾರು 1,300 ವರ್ಷ ಹಳೆಯ ತಾವರೆ ಬೀಜ ಮೊಳೆತದ್ದನ್ನು ಜೇನ್ ಶೆನ್ ಮಿಲ್ಲರ್ ಮತ್ತು ಸಂಗಡಿಗರು 1995ರಲ್ಲಿ ವರದಿ ಮಾಡಿದರು. ಮುಂದೆ ಅಲ್ಲಿನ ಶತಮಾನಗಳಷ್ಟು ಹಳೆಯ ಬೀಜಗಳಿಂದ ಬೆಳೆಸಿದ ಗಿಡಗಳಲ್ಲಿ ಬೆಳವಣಿಗೆಯ ಕೊರತೆಗಳು ಕಂಡವು. ಮಣ್ಣಿನ ಮಂದ ವಿಕಿರಣಕ್ಕೆ ಬೀಜ ಅಷ್ಟು ಕಾಲ ಒಡ್ಡಿಕೊಂಡದ್ದು ಅದಕ್ಕೆ ಕಾರಣವಿರಬಹುದೆಂದು ಅವರು ಊಹಿಸಿದರು. ನನ್ನ ಮಟ್ಟಿಗೆ ಈ ಕೊರತೆಯೇ ಮುಖ್ಯ. ತಾಳಿಕೊಂಡು ಬಂದ ಜೀವ ಗಾಯವಿಲ್ಲದೆ ಬರುವುದಿಲ್ಲ. ಕೆಸರು ತಾಗದ ಹೂವಿನ ಚಿತ್ರ ಈ ಸತ್ಯವನ್ನು ಮರೆಸುತ್ತದೆ.

ಇನ್ನು ನೆಲದ ಪದ್ಮಕ್ಕೆ ಬರೋಣ. ಸುಳ್ಯ ತಾಲೂಕಿನ ಪಂಜ ಘಟ್ಟದ ಬುಡದ ಊರು. ಈ ಕಡೆ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ಗೋಡೆಗೆ ಬಳಿದ ಬಣ್ಣ ಪಾಚಿಗೆ ಸೋಲುತ್ತದೆ, ಮರಕ್ಕೆ ಗೆದ್ದಲು ಹತ್ತುತ್ತದೆ. ಇಂಥ ನೆಲದಲ್ಲಿ ಚಿತ್ರವನ್ನು ಕಾಪಿಡುವ ದಾರಿ ಅದನ್ನು ಮತ್ತೆ ಮತ್ತೆ ಬರೆಯುವುದು. ದೇವಸ್ಥಾನಗಳ ಬ್ರಹ್ಮಕಲಶದಲ್ಲಿ, ಕುಕ್ಕೆ ಸುಬ್ರಹ್ಮಣ್ಯದ ಆಶ್ಲೇಷಾ ಬಲಿಯಲ್ಲಿ, ನಾಗಾರಾಧನೆಯ ನಾಗಮಂಡಲದಲ್ಲಿ ಪದ್ಮದಂಥ ಮಂಡಲಗಳನ್ನು ಬರೆಯುವುದು ಐದು ಬಣ್ಣದ ಪುಡಿಯಿಂದ: ಬಿಳಿಗೆ ಅಕ್ಕಿಹಿಟ್ಟು ಇಲ್ಲವೆ ಸೇಡಿ ಮಣ್ಣು, ಹಳದಿಗೆ ಅರಿಶಿನ, ಅದೇ ಅರಿಶಿನಕ್ಕೆ ಸುಣ್ಣ ಬೆರೆತರೆ ಕೆಂಪು, ಹಸಿರಿಗೆ ಒಣಗಿಸಿದ ಎಲೆಯ ಪುಡಿ, ಕಪ್ಪಿಗೆ ಸುಟ್ಟ ಉಮಿ. ಎಲ್ಲವೂ ಹಿತ್ತಲಿನವು, ಗದ್ದೆಯವು. ಗಂಟೆಗಟ್ಟಲೆ ಕುಳಿತು, ಬೆರಳ ಸಂದಿನಿಂದ ಪುಡಿ ಉದುರಿಸಿ ತುಂಬಿದ ಚಿತ್ರ ಕಾರ್ಯ ಮುಗಿದೊಡನೆ ಇಲ್ಲವಾಗುತ್ತದೆ. ನಾಗಮಂಡಲದ ಪುಡಿಯಂತೂ ಪ್ರಸಾದವಾಗಿ ಮನೆಮನೆಗೆ ಹೋಗುತ್ತದೆ. ಉಳಿಯುವುದು ಅಳತೆ ಮತ್ತು ಆ ಅಳತೆ ಬಲ್ಲ ಕೈ. ಕೆಸರಿನೊಳಗಿನ ಗೆಡ್ಡೆ ಮಾಡುವ ಕೆಲಸವನ್ನೇ ಆ ಕೈ ಮಾಡುತ್ತದೆ.

ಮಂಡಲ ದೇವರ ಆವಾಹನೆಗೆ ಬರೆದದ್ದು, ಅದಕ್ಕೆ ಛಲದ ಅರ್ಥ ಹೊರಿಸುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ್ದೇ. ತಂತ್ರಿಗಳು, ನಾಗಮಂಡಲ ಬರೆಯುವ ವೈದ್ಯರು ಹಾಗೆ ಯೋಚಿಸಿ ಬರೆಯುತ್ತಾರೆಂದು ನಾನು ಹೇಳುತ್ತಿಲ್ಲ. ಆದರೆ ಅರ್ಥ ಬರೆಯುವವರ ಸಂಕಲ್ಪದಲ್ಲಷ್ಟೇ ಇರುವುದಿಲ್ಲ, ಮಾಡುವ ಕೆಲಸದಲ್ಲೂ ಇರುತ್ತದೆ. ಇದು ಎಲ್ಲರ ಕೈಗೆ ಸಿಗದ ವಿದ್ಯೆ ಎಂಬ ಆಕ್ಷೇಪ ಇನ್ನೂ ತೂಕದ್ದು. ಅದಕ್ಕೆ ಉತ್ತರ ತುಳಸಿಕಟ್ಟೆಯ ಮುಂದಿದೆ. ಹೆಂಗಸರು ಬರೆಯುವ ಎಂಟೆಸಳ ರಂಗೋಲಿ ಇದೇ ಹೂವಿನದು. ರಾತ್ರಿಯ ಮಳೆಗೆ ಕರಗಿದರೂ ಬೆಳಗ್ಗೆ ಮತ್ತೆ ಅದೇ ಜಾಗದಲ್ಲಿ ಮೂಡುತ್ತದೆ. ಇನ್ನು, ತಾವರೆ ಒಂದು ರಾಜಕೀಯ ಪಕ್ಷದ ಗುರುತಾಗಿದೆಯಲ್ಲ ಎಂಬ ಮಾತು. ಆ ಪಕ್ಷ ಹುಟ್ಟಿದ್ದು 1980ರಲ್ಲಿ. ಪದ್ಮ ಬರೆಯುವ ಕ್ರಮ ಅದಕ್ಕಿಂತ ಎಷ್ಟೋ ಹಳೆಯದು. ಪಠ್ಯಪುಸ್ತಕಗಳು ತಾವರೆಯನ್ನು ರಾಷ್ಟ್ರೀಯ ಪುಷ್ಪ ಎನ್ನುತ್ತವೆ. ಆದರೆ ಹುಲಿ, ನವಿಲುಗಳಂತೆ ಅದಕ್ಕೆ ಅಧಿಸೂಚನೆ ಹೊರಡಿಸಿಲ್ಲವೆಂದು ಸರ್ಕಾರವೇ 2019ರಲ್ಲಿ ರಾಜ್ಯಸಭೆಗೆ ತಿಳಿಸಿದೆ. ಸರ್ಕಾರದ ಮುದ್ರೆ ಇಲ್ಲದೆಯೂ ಈ ಹೂ ಜನರ ಹೂವಾಗಿ ನಿಂತಿದೆ.

ಆದ್ದರಿಂದ ಚಿತ್ರಕಲೆಯ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ. ತಾವರೆ ಬರೆಯಲು ಹೇಳುವಾಗ ಹಾಳೆಯನ್ನು ನೀರಿನ ಗೆರೆಗೆ ಮುಗಿಸಬೇಡಿ. ಗೆಡ್ಡೆಯನ್ನೂ ತೂತುಗಳನ್ನೂ ಹರಿದ ಎಲೆಯನ್ನೂ ಕಪ್ಪು ಬೀಜವನ್ನೂ ಮಕ್ಕಳು ಬರೆಯಲಿ. ಮತ್ತೊಂದು ದಿನ ಅಂಗಳದಲ್ಲಿ ಅಕ್ಕಿಹಿಟ್ಟು, ಅರಿಶಿನ ಕೊಟ್ಟು ಎಂಟೆಸಳು ಬರೆಸಿ, ಅವರ ಕೈಯಿಂದಲೇ ಒರಸಿಸಿ, ಮಾರನೆಯ ದಿನ ಮತ್ತೆ ಬರೆಸಿ.