ಹಚ್ಚಿದ ಕಪ್ಪು, ಹಿಡಿದ ಕಪ್ಪು
ಮೋಟಾರ್ ಸೈಕಲ್ಲಿನ ಹೊಗೆಕೊಳವೆ ಮತ್ತು ಬಿದರಿಯ ಬಣ್ಣದ ಬಾಳಿಕೆಯನ್ನು ಕುರಿತು

ತುರೋರಿಯು ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯ ಮೇಲಿರುವ, ಉಮರ್ಗಾ ತಾಲ್ಲೂಕಿಗೆ ಸೇರಿದ ಗಡಿಗ್ರಾಮ. ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಇತರ ಊರುಗಳಂತೆ ಇಲ್ಲಿಯೂ ಹೊಲಕ್ಕೆ, ಸಂತೆಗೆ, ಕಾಲೇಜಿಗೆ ಹೋಗಿಬರಲು ಜನರು ಹೆಚ್ಚಾಗಿ ನೆಚ್ಚಿರುವುದು ಮೋಟಾರ್ ಸೈಕಲ್ಲನ್ನು. ಆ ವಾಹನದ ಅಂಗಗಳಲ್ಲಿ ಎಲ್ಲಕ್ಕಿಂತ ಮೊದಲು ಮುಪ್ಪು ತೋರುವುದು ಅದರ ಹೊಗೆಕೊಳವೆ. ಜನರ ಮಾತಿನಲ್ಲಿ ಸೈಲೆನ್ಸರ್. ಕೊಂಡಾಗ ಕಡುಗಪ್ಪಾಗಿದ್ದ ಕೊಳವೆ ಕೆಲವು ಮಳೆಗಾಲ ಕಳೆಯುವುದರೊಳಗೆ ಬೂದುಬಣ್ಣಕ್ಕೆ ತಿರುಗುತ್ತದೆ, ಸಿಪ್ಪೆಯೇಳುತ್ತದೆ, ಕೆಂಪು ತುಕ್ಕನ್ನು ಹೊರಗೆಡಹುತ್ತದೆ. ದುಡ್ಡು ತೆತ್ತು ಮತ್ತೆ ಕಪ್ಪು ಹಚ್ಚಿಸಿದರೆ ಅದು ಮೊದಲಿನದಕ್ಕಿಂತಲೂ ಬೇಗ ಉದುರುವುದುಂಟು.

ಇದೇ ಸೀಮೆಗೆ ಇನ್ನೊಂದು ಕಪ್ಪಿನ ನೆನಪೂ ಇದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಿಲಂಗಾ ಮತ್ತು ಉದಗೀರ ತಾಲ್ಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು. ಆ ಬೀದರದ ಬಿದರಿ ಕಲೆಯ ಹೆಗ್ಗುರುತೇ ಕಪ್ಪು ಮೈ, ಅದರೊಳಗೆ ಕೂರಿಸಿದ ಬೆಳ್ಳಿಯ ಬಳ್ಳಿ. ಹದಿನೇಳನೆಯ ಶತಮಾನದಷ್ಟು ಹಳೆಯ ಬಿದರಿ ಹುಕ್ಕಾಪಾತ್ರೆಗಳು ವಸ್ತುಸಂಗ್ರಹಾಲಯಗಳಲ್ಲಿ ಉಳಿದುಬಂದಿವೆ. ಒಂದು ಕಪ್ಪು ಕೆಲವೇ ವರ್ಷಗಳಲ್ಲಿ ಅಳಿಯುವುದೇಕೆ, ಇನ್ನೊಂದು ತಲೆಮಾರುಗಳನ್ನು ದಾಟುವುದೇಕೆ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿಯೇ ಏಳುತ್ತದೆ.

ಉತ್ತರದ ಮೊದಲ ಸುಳಿವನ್ನು ಕನ್ನಡದ ಕ್ರಿಯಾಪದಗಳೇ ಕೊಡುತ್ತವೆ. ಕನ್ನಡದಲ್ಲಿ ಬಣ್ಣವನ್ನು ‘ಹಚ್ಚುತ್ತಾರೆ’. ಆದರೆ ಕಬ್ಬಿಣಕ್ಕೆ ತುಕ್ಕು ‘ಹಿಡಿಯುತ್ತದೆ’, ತಾಮ್ರಕ್ಕೆ ಕಿಲುಬು ‘ಹಿಡಿಯುತ್ತದೆ’. ಹಚ್ಚುವುದಕ್ಕೆ ಹೊರಗಿನಿಂದ ಬರುವ ಒಂದು ವಸ್ತು ಬೇಕು, ಹಚ್ಚುವವನೂ ಬೇಕು. ಹಿಡಿಯುವುದು ಲೋಹವೇ ಗಾಳಿ, ನೀರು, ಲವಣಗಳೊಡನೆ ಕೂಡಿ ತನ್ನ ಮೈಯಲ್ಲಿ ಉಂಟುಮಾಡಿಕೊಳ್ಳುವ ಬದಲಾವಣೆ. ಹೊಗೆಕೊಳವೆಯದು ಹಚ್ಚಿದ ಕಪ್ಪು, ಬಿದರಿಯದು ಹಿಡಿಸಿದ ಕಪ್ಪು. ಆದರೆ ಬಾಳಿಕೆಯ ಪ್ರಶ್ನೆ ಈ ಭೇದವೊಂದರಿಂದಲೇ ತೀರುವುದಿಲ್ಲ.

ಕೊಳವೆಯ ಮೂರು ಶತ್ರುಗಳು

ಮೊದಲನೆಯದು ಶಾಖ. ಇಂಜಿನ್ ಭಾರ ಹೊತ್ತು ಓಡುವಾಗ ಸಿಲಿಂಡರಿನಿಂದ ಹೊರಬೀಳುವ ಅನಿಲದ ಉಷ್ಣತೆ 600 ಡಿಗ್ರಿ ಸೆಲ್ಸಿಯಸ್ಸನ್ನು ಮೀರಬಲ್ಲುದು. ಇಂಜಿನ್ನಿಗೆ ಹೊಂದಿಕೊಂಡಿರುವ ಬಾಗಿದ ಭಾಗದ ಹೊರಮೈ 300ರಿಂದ 400 ಡಿಗ್ರಿಯವರೆಗೂ ಕಾಯುವುದುಂಟು. ಹಿಂತುದಿ ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಒಂದೇ ದಿನ, ಒಂದೇ ಡಬ್ಬಿಯಿಂದ ಹಚ್ಚಿದ ಬಣ್ಣ ಮುಂದೆ ಬೆಂದು ಹೋಗಿ ಹಿಂದೆ ಉಳಿದಿರುವುದಕ್ಕೆ ಇದೇ ಕಾರಣ.

ಎರಡನೆಯದು ಹಿಗ್ಗು-ಕುಗ್ಗು. ಉಕ್ಕು ಒಂದು ಡಿಗ್ರಿ ಕಾದರೆ ಮೀಟರಿಗೆ ಸುಮಾರು 12 ಮೈಕ್ರಾನಿನಷ್ಟು ಹಿಗ್ಗುತ್ತದೆ. ಒಂದು ಮೀಟರ್ ಉದ್ದದ ಕೊಳವೆ 400 ಡಿಗ್ರಿಯಷ್ಟು ಬಿಸಿಯೇರಿದರೆ ಹೆಚ್ಚುಕಡಿಮೆ 5 ಮಿಲಿಮೀಟರ್ ಉದ್ದವಾಗುತ್ತದೆ. ತಣಿದಾಗ ಮತ್ತೆ ಕುಗ್ಗುತ್ತದೆ. ಮೇಲಿನ ಬಣ್ಣ ಹಿಗ್ಗುವ ಪ್ರಮಾಣವಾದರೋ ಬೇರೆ. ದಿನಕ್ಕೆ ನಾಲ್ಕಾರು ಬಾರಿ ನಡೆಯುವ ಈ ಜಗ್ಗಾಟದಲ್ಲಿ ಲೇಪದ ಮೈ ಬಿರುಕು ಬಿಡುತ್ತದೆ.

ಮೂರನೆಯದು ನೀರು. ಅದು ಹೊರಗಿನಿಂದ ಮಾತ್ರ ಬರುವುದಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸರಿಸುಮಾರು ಒಂದು ಲೀಟರಿನಷ್ಟು ನೀರು ಆವಿಯಾಗಿ ಹುಟ್ಟುತ್ತದೆ. ದೂರದ ಪ್ರಯಾಣದಲ್ಲಿ ಆ ಆವಿ ಹೊರಗೆ ಹೋಗುತ್ತದೆ. ಮನೆಯಿಂದ ಹೊಲದವರೆಗಿನ ಚಿಕ್ಕ ಓಡಾಟದಲ್ಲಿ ಕೊಳವೆ ಪೂರ್ತಿ ಕಾಯುವುದೇ ಇಲ್ಲ. ಆವಿ ಒಳಗೇ ತಣಿದು ನೀರಾಗಿ ನಿಂತು, ಉಕ್ಕನ್ನು ಒಳಗಿನಿಂದ ತಿನ್ನುತ್ತದೆ. ಇದಕ್ಕೆ ಹೊರಗಿನ ಕಪ್ಪು ಏನೂ ಮಾಡಲಾರದು. ಮಳೆಗಾಲದಲ್ಲಿ ಕೊಳವೆಗೆ ಮೆತ್ತಿಕೊಳ್ಳುವ ಎರೆಮಣ್ಣು ಗಂಟೆಗಟ್ಟಲೆ ತೇವವನ್ನು ಹಿಡಿದಿಟ್ಟು, ಹೊರಗಿನಿಂದಲೂ ಅದೇ ಕೆಲಸ ಮಾಡುತ್ತದೆ.

ತುಕ್ಕಿಗೆ ಇನ್ನೊಂದು ಗುಣವಿದೆ. ಅದು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುತ್ತದೆ. ಬಣ್ಣದ ಅಡಿಯಲ್ಲಿ ಒಂದು ಚುಕ್ಕೆಯಷ್ಟು ತುಕ್ಕು ಉಳಿದರೂ ಅದು ಉಬ್ಬಿ, ಮೇಲಿನ ಪದರವನ್ನು ಎತ್ತಿಹಾಕುತ್ತದೆ. ಹಳೆಯ ತುಕ್ಕಿನ ಮೇಲೆ ಬಳಿದ ಹೊಸ ಕಪ್ಪು ಬೇಗ ಉದುರುವ ಗುಟ್ಟು ಇಷ್ಟೇ.

ಹಚ್ಚಿದ ಕಪ್ಪಿನ ಒಳಗುಟ್ಟು

ಬಣ್ಣವೆಂದರೆ ಮುಖ್ಯವಾಗಿ ಎರಡು ವಸ್ತುಗಳ ಕೂಟ: ಬಣ್ಣ ಕೊಡುವ ಪುಡಿ, ಆ ಪುಡಿಯನ್ನು ಲೋಹಕ್ಕೆ ಹಿಡಿದಿಡುವ ಅಂಟು. ಬಾಗಿಲು ಕಿಟಕಿಗಳಿಗೆ ಹಚ್ಚುವ ಸಾಮಾನ್ಯ ಆಯಿಲ್ ಪೇಂಟಿನ ಅಂಟು ಇಂಗಾಲದ ಸರಪಳಿಗಳಿಂದಾದುದು. 200 ಡಿಗ್ರಿಯ ಆಸುಪಾಸಿನಲ್ಲಿ ಅದು ಕಂದು ಬಣ್ಣಕ್ಕೆ ತಿರುಗಿ ಸುಡತೊಡಗುತ್ತದೆ. ವಾಹನದ ಚೌಕಟ್ಟಿಗೆ ಒಪ್ಪುವ ಪೌಡರ್ ಕೋಟಿಂಗನ್ನು ಪಕ್ವಗೊಳಿಸುವುದೇ ಸುಮಾರು 200 ಡಿಗ್ರಿಯಲ್ಲಿ; ಅದಕ್ಕಿಂತ ಬಹಳ ಮೇಲಿನ ಶಾಖವನ್ನು ಅದೂ ತಾಳದು.

ಹೊಗೆಕೊಳವೆಗೆಂದೇ ಮಾಡಿದ ಬಣ್ಣಗಳಲ್ಲಿ ಅಂಟಿನ ಸ್ಥಾನವನ್ನು ಸಿಲಿಕೋನ್ ವಹಿಸುತ್ತದೆ. ಅದರ ಬೆನ್ನೆಲುಬು ಸಿಲಿಕಾನ್–ಆಮ್ಲಜನಕ ಬಂಧ. ಇಂಗಾಲ–ಇಂಗಾಲ ಬಂಧವನ್ನು ಮುರಿಯಲು ಮೋಲ್ ಒಂದಕ್ಕೆ ಸುಮಾರು 350 ಕಿಲೋಜೂಲ್ ಶಕ್ತಿ ಸಾಕಾದರೆ, ಇದಕ್ಕೆ ಸುಮಾರು 450 ಕಿಲೋಜೂಲ್ ಬೇಕು. ಆದುದರಿಂದಲೇ ಇಂತಹ ಬಣ್ಣಗಳು 600 ಡಿಗ್ರಿಯ ಸಮೀಪದವರೆಗೆ ತಾಳಬಲ್ಲವು.

ಅಂಟು ತಾಳಿದರೆ ಸಾಲದು, ಪುಡಿಯೂ ತಾಳಬೇಕು. ಸಾಮಾನ್ಯ ಕಪ್ಪು ಬಣ್ಣದ ಪುಡಿ ಇಂಗಾಲದ ಮಸಿ. ದೀಪದ ಕುಡಿಯಿಂದ ಕಾಡಿಗೆ ಹಿಡಿಯುವಾಗ ದೊರೆಯುವ ಮಸಿಯ ಜಾತಿಯದೇ. ಮಸಿಯು ಹೆಚ್ಚಿನ ಶಾಖದಲ್ಲಿ ಗಾಳಿಯೊಡನೆ ಕೂಡಿ ತಾನೇ ಉರಿದು ಹೋಗುತ್ತದೆ, ಬಣ್ಣ ಬೂದಿಯಾಗುತ್ತದೆ. ಆದಕಾರಣ ಉಷ್ಣನಿರೋಧಕ ಬಣ್ಣಗಳಲ್ಲಿ ತಾಮ್ರ ಮತ್ತು ಕ್ರೋಮಿಯಂಗಳನ್ನು ಉನ್ನತ ಶಾಖದಲ್ಲಿ ಸುಟ್ಟು ಪಡೆದ ಕಪ್ಪು ಆಕ್ಸೈಡಿನಂಥ ಪುಡಿಗಳನ್ನು ಬಳಸುತ್ತಾರೆ. ಮೊದಲೇ ಬೆಂದದ್ದು ಮತ್ತೆ ಬೇಯುವುದಿಲ್ಲ.

ಇಂತಹ ಬಣ್ಣವೂ ಹಚ್ಚಿದೊಡನೆ ಸಿದ್ಧವಾಗುವುದಿಲ್ಲ. ಅದು ಒಣಗುವುದು ಗಾಳಿಯಲ್ಲಿ, ಗಟ್ಟಿಗೊಳ್ಳುವುದು ಶಾಖದಲ್ಲಿ. ಇಂಜಿನ್ನನ್ನು ಸ್ವಲ್ಪ ಕಾಲ ಓಡಿಸಿ, ತಣಿಸಿ, ಮತ್ತೆ ಸ್ವಲ್ಪ ಹೆಚ್ಚು ಕಾಲ ಓಡಿಸಿ, ಹೀಗೆ ಹಂತಹಂತವಾಗಿ ಕಾಯಿಸಬೇಕು. ಅದಕ್ಕೆ ಮೊದಲೇ ಚೆಲ್ಲಿದ ಒಂದು ಹನಿ ಪೆಟ್ರೋಲ್ ಅದನ್ನು ಕರಗಿಸಬಲ್ಲುದು. ಮೊದಲ ದಿನವೇ ದೂರದ ಓಟಕ್ಕೆ ಹೊರಟರೆ ಪದರ ಗುಳ್ಳೆಯೇಳಬಹುದು.

ಬಿದರಿಯ ಹಿಡಿಸಿದ ಕಪ್ಪು

ಬಿದರಿಯ ಲೋಹ ಸತು ಮತ್ತು ತಾಮ್ರಗಳ ಮಿಶ್ರಣ. ಸಾಂಪ್ರದಾಯಿಕ ಪ್ರಮಾಣ ಹದಿನಾರಕ್ಕೆ ಒಂದು. ಎರಕ ಹೊಯ್ದ ಪಾತ್ರೆಯನ್ನು ಅರದಿಂದ ಉಜ್ಜಿ ನುಣುಪುಗೊಳಿಸಿ, ಮೈಲುತುತ್ತದ ದ್ರಾವಣ ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಈ ಕಪ್ಪು ಚಿತ್ತಾರದ ಗೆರೆ ಕಾಣಲೆಂದು ಮಾತ್ರ. ಉಳಿಯಿಂದ ಕೊರೆದ ಗೆರೆಗಳಲ್ಲಿ ಬೆಳ್ಳಿಯ ತಂತಿ ಕೂರಿಸಿ ಬಡಿದು, ಮತ್ತೆ ಉಜ್ಜಿದಾಗ ಆ ಕಪ್ಪು ಪೂರ್ತಿ ಹೋಗುತ್ತದೆ. ಆಗ ಬೆಳ್ಳಿ ಯಾವುದು, ಸತು ಯಾವುದು ಎಂದು ಗುರುತಿಸುವುದೂ ಕಷ್ಟ.

ಕೊನೆಯ ಹಂತದಲ್ಲಿ ಬೀದರ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರಗಳನ್ನು ನೀರಿನಲ್ಲಿ ಕಲಸಿ, ಹದವಾಗಿ ಬಿಸಿ ಮಾಡಿದ ಪಾತ್ರೆಗೆ ಉಜ್ಜುತ್ತಾರೆ. ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬಳಿಕ ಎಣ್ಣೆ ಸವರಿದಾಗ ಕಪ್ಪು ಆಳವಾಗಿ ಹೊಳೆಯುತ್ತದೆ. ಮಣ್ಣಿನ ಯೋಗ್ಯತೆಯನ್ನು ಕುಶಲಕರ್ಮಿಗಳು ನಾಲಿಗೆಯ ರುಚಿಯಿಂದ ಅರಿಯುತ್ತಾರೆ. ಮಿಶ್ರಣದಲ್ಲಿರುವ ಅಲ್ಪ ತಾಮ್ರವೇ ಈ ಕಪ್ಪಿಗೆ ಆಧಾರ. ಶಾಖನಿರೋಧಕ ಬಣ್ಣದ ಪುಡಿಯಲ್ಲಿಯೂ ತಾಮ್ರವೇ ಇರುವುದನ್ನು ಇಲ್ಲಿ ನೆನೆಯಬಹುದು. ಬಿದರಿ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು.

ಈ ಕಪ್ಪು ಲೋಹದ ಮೈಯಲ್ಲಿಯೇ ಹುಟ್ಟಿದುದರಿಂದ ಸಿಪ್ಪೆಯಾಗಿ ಏಳುವುದಿಲ್ಲ. ಮಾಸಿದರೆ ಅದೇ ಮಣ್ಣಿನಿಂದ ಮತ್ತೆ ಹಿಡಿಸಬಹುದು. ಆದರೆ ಅದು ಅಳಿಯದ ಕಪ್ಪಲ್ಲ. ಬೆಳ್ಳಿ ಹೊಳೆಯಲೆಂದು ಹುಣಸೆಹಣ್ಣು, ನಿಂಬೆಹಣ್ಣುಗಳಿಂದ ತಿಕ್ಕಿದರೆ ಹುಳಿಯು ಆ ತೆಳುಪದರವನ್ನೇ ಕರಗಿಸಿಬಿಡುತ್ತದೆ.

ಒಂದರ ಬಲ ಇನ್ನೊಂದಕ್ಕೆ ಸಲ್ಲದು

ಹಾಗಾದರೆ ಹೊಗೆಕೊಳವೆಗೂ ಕಪ್ಪನ್ನು ಹಿಡಿಸಬಾರದೇಕೆ? ಬಿದರಿಯ ಕಪ್ಪು ಅಲ್ಲಿ ನಿಲ್ಲದು. ಸತುವೇ 420 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಉಕ್ಕಿಗೂ ತನ್ನದೇ ಆದ ಹಿಡಿಸುವ ಕಪ್ಪು ಒಂದಿದೆ. ಕಾಸ್ಟಿಕ್ ಸೋಡಾ ಬೆರೆತ, ಸುಮಾರು 140 ಡಿಗ್ರಿಯ ಕುದಿದ್ರಾವಣದಲ್ಲಿ ಮುಳುಗಿಸಿದ ಉಕ್ಕಿನ ಮೈಯಲ್ಲಿ ಕಪ್ಪು ಕಬ್ಬಿಣದ ಆಕ್ಸೈಡ್ ಹುಟ್ಟುತ್ತದೆ. ಅದು ಎರಡೇ ಮೈಕ್ರಾನಿನೊಳಗಿನ ತೆಳುಪದರ. ತುಕ್ಕನ್ನು ತಡೆಯುವ ಅದರ ಶಕ್ತಿಯೆಲ್ಲ ಮೇಲೆ ಸವರಿದ ಎಣ್ಣೆಯದು. ಕೊಳವೆಯ ಶಾಖಕ್ಕೆ ಎಣ್ಣೆ ಉರಿದು ಹೋದ ಮೇಲೆ ಆ ಕಪ್ಪಿಗೆ ರಕ್ಷಣೆಯಿಲ್ಲ.

ಇದರಿಂದ ತಿಳಿಯುವುದಿಷ್ಟು. ಬಾಳಿಕೆ ಎಂಬುದು ಕಪ್ಪಿನ ಸ್ವಂತ ಗುಣವಲ್ಲ. ಯಾವ ಲೋಹದ ಮೇಲೆ, ಯಾವ ಶತ್ರುವಿನ ಎದುರು ಅದು ನಿಂತಿದೆ ಎಂಬುದನ್ನು ಅವಲಂಬಿಸಿದ ಸಂಬಂಧ ಅದು. ಮನೆಯ ಕಪಾಟಿನಲ್ಲಿ ಶತಮಾನ ಕಳೆಯುವ ಕಪ್ಪು ಹೊಗೆಕೊಳವೆಯ ಮೇಲೆ ಒಂದು ಪ್ರಯಾಣವನ್ನೂ ತಾಳಲಾರದು; ಕೊಳವೆಯ ಶಾಖವನ್ನು ಗೆಲ್ಲುವ ಬಣ್ಣ ಬಿದರಿಯ ಬೆಳ್ಳಿಯನ್ನೂ ಮುಚ್ಚಿಹಾಕುತ್ತದೆ.

ಆದರೂ ಎರಡೂ ಕೆಲಸಗಳಿಗೆ ಸಮಾನವಾದ ಒಂದು ಮಾತಿದೆ. ಬಿದರಿಯ ಕುಶಲಕರ್ಮಿ ಕಪ್ಪು ಹಿಡಿಸುವ ಮುನ್ನ ತಾತ್ಕಾಲಿಕ ಕಪ್ಪನ್ನು ಚೂರೂ ಉಳಿಯದಂತೆ ಉಜ್ಜಿ ತೆಗೆಯುತ್ತಾನೆ. ಕೊಳವೆಗೆ ಬಣ್ಣ ಹಚ್ಚಿಸುವವರೂ ಹಳೆಯ ಬಣ್ಣವನ್ನೂ ತುಕ್ಕನ್ನೂ ಹೊಳೆಯುವ ಉಕ್ಕು ಕಾಣುವವರೆಗೆ ತಿಕ್ಕಿಸಿ, ಜಿಡ್ಡು ತೊಳೆಸಿ, ಆನಂತರವೇ ಶಾಖ ತಾಳುವ ಬಣ್ಣವನ್ನು ಹಚ್ಚಿಸುವುದು ಲೇಸು. ಅಲ್ಲಿಂದ ಮುಂದೆ ಮಳೆಯಲ್ಲಿ ಮೆತ್ತಿದ ಎರೆಮಣ್ಣನ್ನು ಕೊಳವೆ ತಣಿದ ಮೇಲೆ ಅಂದಂದೇ ತೊಳೆದರೆ ಸಾಕು. ವರ್ಷವರ್ಷವೂ ಕಪ್ಪು ಹಚ್ಚಿಸುವ ಖರ್ಚಿನಲ್ಲಿ ಬಹುಪಾಲು ಇಷ್ಟರಿಂದಲೇ ಉಳಿಯುತ್ತದೆ.