ಮೊಬೈಲಿನ ಕೋಳಿಗೆ ಕೊಕ್ಕರೆ ರೋಗ ಬರೂದಿಲ್ಲ



ಕಳೆದ ದೀಪಾವಳಿಗೆ ಉಗಾರದ ಕಡೆ ಇರುವ ಅಕ್ಕನ ಮನೆಗೆ ಹೋಗಿದ್ದೆ. ಹತ್ತೊಂಬತ್ತು ವರ್ಷದ ಅಳಿಯ ತೋಟದ ಮನೆ ಕಟ್ಟೆ ಮೇಲೆ ಕುಂತು ಮೊಬೈಲ್ ಒತ್ತುತ್ತಿದ್ದ. ಏನು ನೋಡಾಕತ್ತಿ ಅಂತ ಕೇಳಿದರೆ ಪರದೆ ನನ್ನ ಕಡೆ ತಿರುಗಿಸಿದ. ಮೈನ್‌ಕ್ರಾಫ್ಟ್ ಆಟ. ಬೇಲಿಯೊಳಗೆ ಚೌಕ ಚೌಕ ಬಿಳಿ ಕೋಳಿ ತುಂಬಿಕೊಂಡಿದ್ದವು.

"ಮಾಮಾ, ಎರಡ ಕೋಳಿಯಿಂದ ಚಾಲೂ ಮಾಡಿದ್ದೆ. ಈಗ ನೂರರ ಮ್ಯಾಲ ಆಗ್ಯಾವ ನೋಡ್ರಿ. ಖರೇ ಕೋಳೀನೂ ಹಿಂಗ ಬೆಳಸಬಹುದಲ್ರಿ? ಅಪ್ಪಗ ನೀವ ಒಂದ ಮಾತ ಹೇಳ್ರಿ. 300 ಮರಿ ತರ್ತೀನಿ, ವರ್ಷದಾಗ ಸಾವಿರ ಮಾಡ್ತೀನಿ."

ನಗುವ ಮಾತಲ್ಲ ಇದು. ಕಬ್ಬಿನ ಬಿಲ್ ಬಂದ ಕೂಡಲೇ ಒಂದು ಲಕ್ಷ ಕೊಡೋಣ, ಕಡಿಮೆ ಬಿದ್ದರೆ ಸೊಸೈಟಿಯಲ್ಲಿ ಸಾಲ ತೆಗೆಯೋಣ ಅಂತ ಭಾವ ಅರ್ಧ ಮನಸ್ಸು ಮಾಡಿಬಿಟ್ಟಿದ್ದರು. ಹುಡುಗ ಊರಲ್ಲೇ ಉಳಿದು ಏನಾದರೂ ಮಾಡಲಿ ಅನ್ನುವ ಆಸೆ ಅವರದು. ಆಸೆ ತಪ್ಪಲ್ಲ, ಲೆಕ್ಕ ತಪ್ಪು. ಆವತ್ತು ರಾತ್ರಿ ನಾವಿಬ್ಬರೂ ಕುಂತು ಆಟದ ಕೋಳಿ ಮತ್ತು ಖರೇ ಕೋಳಿ ಎರಡನ್ನೂ ಒಂದೇ ಹಾಳೆ ಮೇಲೆ ಬರೆದೆವು. ಅದನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

20 ನಿಮಿಷ ಮತ್ತು ಏಳು ತಿಂಗಳು

ಆಟದಲ್ಲಿ ಎರಡು ಕೋಳಿಗೆ ಗೋಧಿ ಬೀಜ ತಿನ್ನಿಸಿದರೆ ಸಾಕು, ಮರಿ ಬರುತ್ತದೆ. ಐದು ನಿಮಿಷ ಬಿಟ್ಟು ಮತ್ತೊಮ್ಮೆ ತಿನ್ನಿಸಬಹುದು. ಮರಿ 20 ನಿಮಿಷಕ್ಕೆ ದೊಡ್ಡದಾಗುತ್ತದೆ. 5ರಿಂದ 10 ನಿಮಿಷಕ್ಕೊಂದು ತತ್ತಿ. ತತ್ತಿ ಎಸೆದರೆ ಸರಾಸರಿ 8ಕ್ಕೆ ಒಂದರಿಂದ ಮರಿ ಹೊರಬರುತ್ತದೆ. ಹುಂಜ ಅನ್ನುವುದೇ ಅಲ್ಲಿಲ್ಲ.

ನಮ್ಮ ಹಿತ್ತಲದಲ್ಲಿ ತತ್ತಿ ಒಡೆದು ಮರಿ ಬರಲು 21 ದಿನ ಬೇಕು. ಆ ಮರಿ ತಾನು ತತ್ತಿ ಇಡಲು ಸುಮಾರು ಆರು ತಿಂಗಳು. ಅಂದರೆ ಒಂದು ಪೀಳಿಗೆಗೆ ಏಳು ತಿಂಗಳ ಹತ್ತಿರ. ವರ್ಷದಲ್ಲಿ ಎರಡು ಪೀಳಿಗೆಯೂ ಪೂರ್ತಿ ಆಗುವುದಿಲ್ಲ. "ವರ್ಷದಾಗ ಸಾವಿರ" ಅನ್ನುವ ಲೆಕ್ಕ ಇಲ್ಲೇ ಬಿತ್ತು.

ಒಂದು ವಿಷಯದಲ್ಲಿ ಮಾತ್ರ ನಮ್ಮ ಕೋಳಿ ಆಟದ ಕೋಳಿಗಿಂತ ಮೇಲು. ಒಳ್ಳೆ ಜವಾರಿ ಕೋಳಿಯ ಕೆಳಗೆ 10–12 ತತ್ತಿ ಇಟ್ಟರೆ ಎಂಟು ಒಂಬತ್ತು ಮರಿ ಬರುವುದು ಸಾಮಾನ್ಯ. ಅದಕ್ಕೆ ನಾವು ಪಾಲಿಸಬೇಕಾದ್ದು ಇಷ್ಟು:

- 8–10 ಕೋಳಿಗೆ ಒಂದು ಹುಂಜ ಇರಬೇಕು. ಹುಂಜ ಇಲ್ಲದಿದ್ದರೂ ಕೋಳಿ ತತ್ತಿ ಇಡುತ್ತದೆ, ಆದರೆ ಆ ತತ್ತಿಯಿಂದ ಮರಿ ಬರುವುದಿಲ್ಲ.
- ಕಾವಿಗೆ ಇಡುವ ತತ್ತಿ ಒಂದು ವಾರಕ್ಕಿಂತ ಹಳೆಯದಿರಬಾರದು. ತೊಳೆಯಬೇಡಿ, ಫ್ರಿಜ್‌ನಲ್ಲಿ ಇಡಬೇಡಿ. ಚೂಪು ತುದಿ ಕೆಳಗೆ ಮಾಡಿ ತಂಪು ಜಾಗದಲ್ಲಿಡಿ.
- ಕೋಳಿಯನ್ನು ಕಾವಿಗೆ ಕೂರಿಸುವುದು ಸಂಜೆ ಕತ್ತಲಾದ ಮೇಲೆ. ಆಗ ಗಾಬರಿಯಾಗಿ ಏಳುವುದಿಲ್ಲ.
- ಏಳನೇ ದಿನ ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚ್ ಮೇಲೆ ತತ್ತಿ ಹಿಡಿದು ನೋಡಿ. ಕೆಂಪು ದಾರದಂಥ ನರಗಳು ಕಂಡರೆ ಒಳಗೆ ಮರಿ ಇದೆ. ಏನೂ ಕಾಣದೆ ಬರೀ ಬೆಳಕು ದಾಟಿದರೆ ಅದು ಬರಡು ತತ್ತಿ, ತೆಗೆದುಬಿಡಿ.

ಗಿರಿರಾಜ ತಂದು ಮರಿ ಮಾಡಿಸ್ತೀನಿ ಅಂದ್ರೆ?

ಅಳಿಯನ ಮುಂದಿನ ಯೋಚನೆ ಇದೇ ಆಗಿತ್ತು. ಗಿರಿರಾಜ ಅಥವಾ ಸ್ವರ್ಣಧಾರ ಒಮ್ಮೆ ತರುವುದು, ಆಮೇಲೆ ಮನೆಯಲ್ಲೇ ಮರಿ ಮಾಡಿಸುತ್ತಾ ಹೋಗುವುದು. ಆಟದಲ್ಲಿ ಹಾಗೆ ನಡೆಯುತ್ತದೆ, ಕೋಳಿಗೆ ಹುಟ್ಟಿದ್ದು ಅದೇ ಥರದ ಕೋಳಿ.

ನಾನು ಅರಭಾವಿಯಲ್ಲಿ ತೋಟಗಾರಿಕೆ ಓದಿದವನು, ಅದಕ್ಕೆ ಟೊಮ್ಯಾಟೊ ಉದಾಹರಣೆ ಕೊಟ್ಟೆ. ಹೈಬ್ರಿಡ್ ಟೊಮ್ಯಾಟೊ ಹಣ್ಣಿನ ಬೀಜ ತೆಗೆದು ಮತ್ತೆ ಬಿತ್ತಿದರೆ ಏನಾಗುತ್ತದೆ? ಒಂದು ಗಿಡ ಎತ್ತರ, ಒಂದು ಗಿಡ್ಡ, ಹಣ್ಣು ಒಂದೊಂದು ನಮೂನಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಈ ಕೋಳಿಗಳೂ ಬೇರೆ ಬೇರೆ ತಳಿ ಕೂಡಿಸಿ ಮಾಡಿದವು. ಮೊದಲ ಪೀಳಿಗೆಯ ಗುಣ ಅವುಗಳ ಮರಿಯಲ್ಲಿ ಒಂದೇ ಸಮ ಉಳಿಯುವುದಿಲ್ಲ. ತೂಕವೂ ಇಳಿಯುತ್ತದೆ, ತತ್ತಿಯೂ ಕಡಿಮೆಯಾಗುತ್ತದೆ. ಅದರ ಮೇಲೆ ಈ ಕೋಳಿಗಳು ಕಾವಿಗೆ ಕೂರುವುದೇ ಇಲ್ಲ.

ಆದ್ದರಿಂದ ದಾರಿ ಎರಡು. ತತ್ತಿ ಮಾರಾಟಕ್ಕೆ ಸ್ವರ್ಣಧಾರದಂಥ ತಳಿ ಬೇಕೆಂದರೆ ಪ್ರತಿ ಸಲ ಹೊಸ ಮರಿ ಖರೀದಿಸಿ. ಮನೆಯಲ್ಲೇ ಮರಿ ಮಾಡಿಸಬೇಕೆಂದರೆ ಜವಾರಿ ಕೋಳಿ ಇಟ್ಟುಕೊಳ್ಳಿ. ಜವಾರಿ ಕೋಳಿಯ ತತ್ತಿ ವರ್ಷಕ್ಕೆ 60–80 ಅಷ್ಟೇ, ಆದರೆ ಕಾವು, ಮರಿ ಸಾಕಣೆ ಎಲ್ಲ ಅದೇ ನೋಡಿಕೊಳ್ಳುತ್ತದೆ. ಒಂದೇ ಹುಂಜನನ್ನು ಅದರ ಮಗಳು, ಮೊಮ್ಮಗಳ ಜೊತೆ ಬಿಡಬೇಡಿ. ವರ್ಷಕ್ಕೊಮ್ಮೆ ಬೇರೆ ಊರಿನವರ ಜೊತೆ ಹುಂಜ ಅದಲು ಬದಲು ಮಾಡಿಕೊಳ್ಳಿ.

ನನ್ನ 41 ಮರಿ

ಇದನ್ನು ಹೇಳಲು ನನಗೆ ಈಗಲೂ ಕಷ್ಟ. ಸಾವಯವ ಕೃಷಿ ಶುರು ಮಾಡಿದ ಮೊದಲ ವರ್ಷ ಗೊಬ್ಬರಕ್ಕೂ ಆಯಿತು, ತತ್ತಿಗೂ ಆಯಿತು ಅಂತ 60 ಮರಿ ತಂದಿದ್ದೆ. ಏಳನೇ ದಿನ ಕಣ್ಣಿಗೆ ಲಸಿಕೆ ಹನಿ ಹಾಕಿಸಿದೆ. ಆಮೇಲೆ ಬಿಟ್ಟೆ. "ಸಾವಯವ ಅಂದ ಮ್ಯಾಲ ಸೂಜಿ ಯಾಕ, ಅರಿಷಿಣ, ಬಳ್ಳೊಳ್ಳಿ ಸಾಕು" ಅನ್ನುವ ಹುಂಬತನ ನನ್ನದು.

ಒಂಬತ್ತನೇ ವಾರ ಒಂದು ಕೋಳಿ ಬಾಯಿ ತೆರೆದು ಉಸಿರಾಡತೊಡಗಿತು. ಮರುದಿನ ಹಸಿರು ಭೇದಿ, ಅದರ ಮರುದಿನ ಕುತ್ತಿಗೆ ತಿರುಚಿ ಬಿತ್ತು. ಅದು ರಾಣಿಖೇತ್, ನಮ್ಮ ಭಾಷೆಯಲ್ಲಿ ಕೊಕ್ಕರೆ ರೋಗ. ಎಂಟು ದಿನದಲ್ಲಿ 41 ಸತ್ತವು. ರೋಗ ಬಂದ ಮೇಲೆ ಔಷಧಿ ಇಲ್ಲ. ದಿನಾ ಬೆಳಿಗ್ಗೆ ತಗ್ಗು ತೋಡಿ ಸುಣ್ಣ ಹಾಕಿ ಹೂಳುವುದೊಂದೇ ಕೆಲಸ. ಪಕ್ಕದ ಮನೆಯ ಅಜ್ಜಿಯ ನಾಲ್ಕು ಕೋಳಿಗೂ ಅದೇ ಗತಿ ಆಯಿತು. ಆಕೆ ನನಗೆ ಒಂದು ಮಾತೂ ಅನ್ನಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಆಮೇಲೆ ತಿಳಿದುಕೊಂಡೆ: ರೋಗದ ಭಯ ಇರುವ ಕಡೆ ಲಸಿಕೆ ಹಾಕಲು ದೇಶದ ಸಾವಯವ ನಿಯಮಗಳಲ್ಲೂ ಅವಕಾಶ ಇದೆ. ಈ ಪಟ್ಟಿ ಬರೆದಿಟ್ಟುಕೊಳ್ಳಿ:

- 5–7ನೇ ದಿನ: ರಾಣಿಖೇತ್ (ಲಸೋಟಾ ಅಥವಾ ಎಫ್ ತಳಿ), ಕಣ್ಣು ಇಲ್ಲವೆ ಮೂಗಿಗೆ ಒಂದು ಹನಿ.
- 14ನೇ ದಿನ: ಗುಂಬೊರೊ.
- 28ನೇ ದಿನ: ಮತ್ತೆ ಲಸೋಟಾ.
- 6–8ನೇ ವಾರ: ಕೋಳಿ ಸಿಡುಬು ಮತ್ತು ರಾಣಿಖೇತ್ ಆರ್‌2ಬಿ ಚುಚ್ಚುಮದ್ದು. ಎರಡನ್ನೂ ಒಂದೇ ದಿನ ಬೇಡ, ನಡುವೆ ಅಂತರ ಇರಲಿ.

ನಿಮ್ಮ ಊರಿನ ಪಶು ಆಸ್ಪತ್ರೆಯಲ್ಲಿ ಈ ಪಟ್ಟಿ ತೋರಿಸಿ, ಡಾಕ್ಟರ್ ಹೇಳಿದಂತೆ ಮಾಡಿ. ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲೇ ಇಡಬೇಕು. ಈ ಬಿಸಿಲಲ್ಲಿ ಬೈಕ್ ಮೇಲೆ ಕಿಸೆಯಲ್ಲಿಟ್ಟುಕೊಂಡು ತಂದರೆ ಅದು ಬರೀ ನೀರು. ಬರ್ಫ ಹಾಕಿದ ಥರ್ಮಾಸ್ ಒಯ್ಯಿರಿ. ಕಲಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಿ. ಒಂದು ಸೀಸೆಯಲ್ಲಿ ನೂರು ಅಥವಾ ಹೆಚ್ಚು ಕೋಳಿಗೆ ಆಗುವಷ್ಟು ಇರುತ್ತದೆ. ಹತ್ತು ಕೋಳಿಗೆ ಯಾಕೆ ತರುವುದು ಅಂತ ಬಿಡಬೇಡಿ, ಓಣಿಯವರೆಲ್ಲ ಸೇರಿ ಒಂದೇ ದಿನ ಹಾಕಿಸಿ. ಪಕ್ಕದ ಮನೆ ಕೋಳಿ ಉಳಿದರೆ ನಿಮ್ಮದೂ ಉಳಿಯುತ್ತದೆ.

ಹೊಟ್ಟೆಯ ಲೆಕ್ಕ

ಆಟದ ಕೋಳಿ ಮರಿ ಮಾಡಿಸುವಾಗ ಬಿಟ್ಟರೆ ಏನೂ ತಿನ್ನಬೇಕಿಲ್ಲ. ಖರೇ ಕೋಳಿ ದೊಡ್ಡದಾದ ಮೇಲೆ ದಿನಕ್ಕೆ ಸುಮಾರು 110 ಗ್ರಾಂ ತಿನ್ನುತ್ತದೆ. ಕೂಡಿ ಹಾಕಿ ಸಾಕಿದರೆ 300 ಕೋಳಿಗೆ ದಿನಕ್ಕೆ 33 ಕಿಲೋ, ತಿಂಗಳಿಗೆ ಒಂದು ಟನ್ ಹತ್ತಿರ. ಕಿಲೋಗೆ 30 ರೂಪಾಯಿ ಹಿಡಿದರೂ ತಿಂಗಳಿಗೆ 30 ಸಾವಿರ, ಅದೂ ಒಂದು ತತ್ತಿ ಮಾರುವ ಮೊದಲೇ. ಭಾವ ಕನ್ನಡಕ ತೆಗೆದು ಆ ಹಾಳೆಯನ್ನು ಎರಡು ಸಲ ನೋಡಿದರು.

ಹತ್ತಿಪ್ಪತ್ತು ಕೋಳಿಯಾದರೆ ಮಾತು ಬೇರೆ. ತೋಟದ ಹುಳ, ಸೊಪ್ಪು, ನುಚ್ಚು, ಗೋವಿನಜೋಳ, ಅಡುಗೆ ಮನೆಯಲ್ಲಿ ಉಳಿದಿದ್ದು, ಇದರಲ್ಲೇ ಅರ್ಧಕ್ಕಿಂತ ಹೆಚ್ಚು ಹೊಟ್ಟೆ ತುಂಬುತ್ತದೆ.

ಆಟ ಕಲಿಸಿದ ಒಳ್ಳೆಯ ಪಾಠ

ಅಳಿಯನಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು: ಮೊದಲು ಬೇಲಿ, ಆಮೇಲೆ ಕೋಳಿ. ಆಟದಲ್ಲೂ ನರಿ ಬಂದು ಕೋಳಿ ಹಿಡಿಯುತ್ತದಂತೆ. ನಮ್ಮ ಕಬ್ಬಿನ ಗದ್ದೆಯಲ್ಲಿ ನರಿ, ಮುಂಗುಸಿ, ಕಾಡುಬೆಕ್ಕು ಮೂರೂ ಇವೆ. ಮೇಲಿಂದ ಹದ್ದು, ಕಾಗೆ. ಜಾಳಿಗೆಯನ್ನು ಒಂದು ಅಡಿ ನೆಲದೊಳಗೆ ಹೂಳಿ, ರಾತ್ರಿ ಗೂಡಿನ ಬಾಗಿಲು ಭದ್ರ ಮಾಡಿ. ಗೂಡಿನಲ್ಲಿ ಒಂದು ಕೋಳಿಗೆ ಎರಡು ಚದರ ಅಡಿ ಜಾಗ ಇರಲಿ.

ಆಟದ ಕೋಳಿ ನೀರಿನ ಮೇಲೆ ತೇಲುತ್ತದೆ, ನಮ್ಮದು ತೇಲುವುದಿಲ್ಲ. ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಯವರು 2019ರ ಆಗಸ್ಟ್ ನೆನಪಿಟ್ಟುಕೊಂಡು ಗೂಡಿನ ಜಾಗ ಆರಿಸಿ. ಆಗ ನೀರು ಎಲ್ಲಿಯವರೆಗೆ ಬಂದಿತ್ತೋ ಅದಕ್ಕಿಂತ ಮೇಲೆ ಕಟ್ಟಿ.

ಈಗ ಏನಾಗಿದೆ?

ಸಾಲ ತೆಗೆಯಲಿಲ್ಲ. ಅವನ ಆಯಿಯ ಹತ್ತಿರ ಒಂದು ಜವಾರಿ ಕೋಳಿ ಕಾವಿಗೆ ಬಂದಿತ್ತು. ಬುಟ್ಟಿಯಲ್ಲಿ ಹೊಟ್ಟು ಹಾಕಿ 11 ತತ್ತಿ ಇಟ್ಟರು. ಏಳನೇ ದಿನ ಟಾರ್ಚ್ ಹಿಡಿದಾಗ ಎರಡು ಬರಡು. ಉಳಿದ ಒಂಬತ್ತರಲ್ಲಿ ಎಂಟು ಮರಿ ಬಂದವು. ಒಂದನ್ನು ಕಾಗೆ ಒಯ್ದಿತು, ಒಂದು ಥಂಡಿಗೆ ಸತ್ತಿತು. ಆರು ಉಳಿದಿವೆ, ಈಗ ನಾಲ್ಕು ತಿಂಗಳಾಗಿದೆ.

ಆರು ಕೋಳಿ ಅಂದರೆ ಏನೂ ಅಲ್ಲ ಅನ್ನಿಸಬಹುದು. ಆದರೆ ಈ ನಾಲ್ಕು ತಿಂಗಳಲ್ಲಿ ಅವನು ಕಾವು, ಥಂಡಿ, ಲಸಿಕೆ, ಕಾಗೆ ಎಲ್ಲವನ್ನೂ ನೋಡಿದ. ಖರ್ಚು ಸಾವಿರ ರೂಪಾಯಿ ದಾಟಲಿಲ್ಲ. ಮಳೆಗಾಲ ಮುಗಿದ ಮೇಲೆ 80 ಚದರ ಅಡಿ ಗೂಡು ಕಟ್ಟಿ 40 ಸ್ವರ್ಣಧಾರ ಮರಿ ತರುವ ವಿಚಾರ ಇದೆ. ಅದಕ್ಕೆ ನಾನೂ ಹೂಂ ಅಂದಿದ್ದೇನೆ.

ನೀವೂ ಶುರು ಮಾಡುವುದಿದ್ದರೆ ಮರಿ ಬಂದ ದಿನವೇ ಮೊಬೈಲಿನಲ್ಲಿ 7, 14, 28ನೇ ದಿನಕ್ಕೆ ಅಲಾರಾಂ ಇಟ್ಟುಬಿಡಿ. ಅಳಿಯ ಹಾಗೇ ಮಾಡಿದ್ದ. 28ನೇ ದಿನ ಬೆಳಿಗ್ಗೆ ಆರಕ್ಕೆ ಅಲಾರಾಂ ಬಾರಿಸಿತಂತೆ. ನನಗೆ ಫೋನ್ ಮಾಡಿದ: "ಮಾಮಾ, ಥರ್ಮಾಸ್ ಸಿಗವಲ್ತು, ಡಬ್ಬಿಯೊಳಗ ಬರ್ಫ ಹಾಕಿದ್ರ ನಡೀತೈತೇನ್ರಿ?"

ನಡೀತೈತಿ, ಮುಚ್ಚಳ ಗಟ್ಟಿ ಹಾಕು ಅಂದೆ.